ರೆಕ್ಕೆ ಮುಟ್ಟಿ ನೋಡದ ಬೆಳಿಗ್ಗೆ

ಹಿಮ ಬಿತ್ತೆಂದರೆ ಜಪಾನಿನ ಉತ್ತರ ತುದಿಯ ಹೊಕ್ಕೈಡೊದಲ್ಲಿ ಯಾರೂ ಕಣ್ಣರಳಿಸುವುದಿಲ್ಲ. ವಿಮಾನ ತಡವಾಯಿತೆಂದರೆ ಮಾತ್ರ ಎಲ್ಲರ ಮೂಗಿನ ತುದಿಗೂ ಸಿಟ್ಟು ಬರುತ್ತದೆ.

ಮೀನಿನ ಅಂಗಡಿಯ ಗೆನ್‌ಪಾಚಿಗೆ ಅಂದು ಸಿಟ್ಟು ಬರಲು ಕಾರಣವೂ ಇತ್ತು. ಮಧ್ಯಾಹ್ನ ಮೂರಕ್ಕೆ ಟೋಕಿಯೊದಲ್ಲಿ ಅವನ ಮಗಳು ಚಿಸಾತೊಳ ಮದುವೆ. ಹೆಂಡತಿ ವಾರ ಮೊದಲೇ ಹೋಗಿದ್ದಳು. ಹಿಂದಿನ ದಿನದ ವಿಮಾನ ಬಿರುಗಾಳಿಗೆ ರದ್ದಾಗಿತ್ತು. ಇಂದು ಹತ್ತಕ್ಕೆ ಹೊರಡಬೇಕಾದದ್ದು ಹನ್ನೊಂದಾದರೂ ಓಡುದಾರಿಯ ಪಕ್ಕದಲ್ಲಿ ನಿಂತೇ ಇದೆ. ಅವನ ಪಕ್ಕದಲ್ಲಿ ಅಕ್ಕ ಫುಮಿನೊ, ಅವಳಾಚೆ ಕಿಟಕಿಗೆ ಅಂಟಿಕೊಂಡು ಭಾವ ತೊಕುಜಿ.

“ರೆಕ್ಕೆಗೆ ಸ್ನಾನ ಮಾಡ್ಸಿ ಮುಕ್ಕಾಲು ಗಂಟೆ ಆಯ್ತು. ಇನ್ನೇನು ತಲೆ ಬಾಚಿ ಜಡೆ ಹಾಕ್ತಾರಂತಾ?” ಎಂದ ಗೆನ್‌ಪಾಚಿ.

“ಮೆಲ್ಲಗೆ ಮಾತಾಡೋ. ಏಡಿ ಕೂಗಿ ಮಾರೋ ಗಂಟಲು ನಿಂದು, ಪೈಲಟ್‌ಗೂ ಕೇಳಿಸುತ್ತೆ.”

“ಕೇಳಿಸ್ಲಿ ಅಕ್ಕಾ! ಹಳೇ ನಿಲ್ದಾಣದಲ್ಲಿ ಭಾವ ಕೆಲಸ ಮಾಡ್ತಿದ್ದಾಗ ಹಿಂಗಿತ್ತಾ? ಪೆಟ್ಟಿಗೆ ತಂದಿಟ್ಟು, ಒಂದು ಲೋಟ ಚಹಾ ಕುಡಿಯೋದ್ರೊಳಗೆ ನನ್ನ ಏಡಿ ಮೋಡದ ಮೇಲಿರ್ತಿತ್ತು.”

ತೊಕುಜಿ ನಕ್ಕ. ಹಳೇ ನಿಲ್ದಾಣ ಎಂದರೆ ಸಾಕು, ಅವನ ಮುಖ ಸಡಿಲವಾಗುತ್ತಿತ್ತು. ಒಂದೇ ಕೋಣೆ, ನಡುವೆ ಕಲ್ಲಿದ್ದಲಿನ ಒಲೆ, ಒಲೆಯ ಮೇಲೆ ಕುದಿಯುವ ಕೆಟಲ್. ಅದರ ಪಕ್ಕದಲ್ಲಿ ಒಣ ಬೊಂಡಾಸ ಮೀನು ಸುಟ್ಟು ಪೈಲಟ್ಟೂ ಪೆಟ್ಟಿಗೆ ಹೊರುವವನೂ ಒಂದೇ ತಟ್ಟೆಯಿಂದ ಹರಿದು ತಿನ್ನುತ್ತಿದ್ದರು. ಕೈಬೀಸಿ ಕಳಿಸಲು ಬಂದ ಅಜ್ಜಿಯರಿಗೆ ಒಲೆಯ ಬಳಿಯ ಬೆಂಚು ಮೀಸಲು. ವಿಮಾನ ಹೊರಟಾಗ ಕೆಲಸದವರೆಲ್ಲ ಸಾಲಾಗಿ ನಿಂತು, ಅದು ಚುಕ್ಕಿಯಾಗುವವರೆಗೂ ಎರಡೂ ಕೈ ಬೀಸಬೇಕು. ಎಂಥ ಚೆಂದದ ದಿನಗಳು!

ಚೆಂದದ ದಿನಗಳೇ. ಆದರೆ ಆ ಒಲೆಯ ಬಿಸಿಯಲ್ಲಿ ಒಂದು ಮಾತನ್ನು ಮೂವತ್ತೆರಡು ವರ್ಷ ಮುಚ್ಚಿಟ್ಟಿದ್ದರು.

“ಇನ್ನು ಐದು ನಿಮಿಷದಲ್ಲಿ ಹೊರಡಲಿದ್ದೇವೆ” ಎಂದು ಧ್ವನಿವರ್ಧಕ ಹೇಳಿತು. ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಬಿತ್ತು. ತೊಕುಜಿ ಚಪ್ಪಾಳೆ ತಟ್ಟಲಿಲ್ಲ. ಹಿಮ ಕರಗಲೆಂದು ರೆಕ್ಕೆಗೆ ಸುರಿದ ದ್ರಾವಣದ ಮಿರುಗು ಹೋಗಿತ್ತು. ಬಿದ್ದ ಹಿಮ ಈಗ ಕರಗದೆ ಬೆಳ್ಳಗೆ ಕೂತಿತ್ತು. ಅವನ ಕೈ ಗಗನಸಖಿಯನ್ನು ಕರೆಯುವ ಗುಂಡಿಯತ್ತ ಹೋಯಿತು.

ಗೆನ್‌ಪಾಚಿ ಅಕ್ಕನ ಮೇಲಿಂದಲೇ ಬಾಗಿ ಆ ಕೈ ಹಿಡಿದ. “ಏನ್ ಭಾವ ಇದು?”

“ರೆಕ್ಕೆ ಮೇಲೆ ಹಿಮ ಕೂತಿದೆ. ಹೇಳ್ಬೇಕು.”

“ಅವರಿಗೆ ಕಣ್ಣಿಲ್ವಾ? ನಿಮ್ಮಿಂದ ಇಷ್ಟು ಜನಕ್ಕೆ ತೊಂದರೆ ಆಗ್ಬೇಕಾ? ಮಾನ ಹೋಗುತ್ತೆ. ನಮ್ಮೂರ ಹಿಮ ಹಿಟ್ಟಿದ್ದಂಗೆ ಭಾವ. ಓಡುವಾಗ ತಾನಾಗೇ ಹಾರಿಹೋಗುತ್ತೆ.”

ತೊಕುಜಿ ಕೈ ಬಿಡಿಸಿಕೊಂಡ.

“ಈ ಮಾತನ್ನೇ ಅವತ್ತು ನಮ್ಮ ಮೇಸ್ತ್ರಿ ಅಂದಿದ್ದ, ಗೆನ್. ಆ ವಿಮಾನ ಬಿತ್ತಲ್ಲ, ಅವತ್ತು.”

“ಅದು ಪೈಲಟ್ ತಪ್ಪು. ಪತ್ರಿಕೇಲಿ ಬಂದಿತ್ತು.”

“ರೆಕ್ಕೆ ಸರಿ ಅಂತ ಕೂಗಿದ್ದು ನಾನು.”

ಫುಮಿನೊ ಗಂಡನತ್ತ ತಿರುಗಿದಳು. ಅವಳಿಗೂ ಇದು ಹೊಸ ಮಾತು.

ಒಂದೊಂದು ಭಾಗವನ್ನೂ ಬೆರಳು ಚಾಚಿ ತೋರಿಸಿ, ಸರಿ ಇದೆಯೆಂದು ಗಟ್ಟಿಯಾಗಿ ಕೂಗುವುದು ಅಲ್ಲಿನ ಕೆಲಸದ ಪದ್ಧತಿ. ಕಣ್ಣು, ಕೈ, ಬಾಯಿ ಮೂರೂ ಎಚ್ಚರವಾಗಿರಲೆಂದು ಮಾಡಿದ ಒಳ್ಳೆಯ ಪದ್ಧತಿ. ಅಂದು ವಿಮಾನವನ್ನು ಬೆಚ್ಚಗಿನ ಶೆಡ್ಡಿನಿಂದ ಎಳೆದು ಹಿಮದಲ್ಲಿ ನಿಲ್ಲಿಸಿದ್ದರು. ಬಿಸಿ ರೆಕ್ಕೆಗೆ ಬಿದ್ದ ಮೊದಲ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಉಪ್ಪುಕಾಗದದಂತೆ ತರಿತರಿಯಾಯಿತು. ಅದರ ಮೇಲೆ ಹಿಟ್ಟಿನಂಥ ಹಿಮ ಮುಸುಕಿತು. ತೊಕುಜಿ ಏಣಿ ತರಲು ಹೊರಟ. “ಗಡಿಯಾರ ನೋಡಿದ್ಯೇನೋ? ಹಾರಿಹೋಗುತ್ತೆ ಬಿಡು” ಎಂದ ಮೇಸ್ತ್ರಿ. ಹಿರಿಯರಿಗೆ ಎದುರಾಡಬಾರದೆಂದು ಕಲಿತ ತೊಕುಜಿ ನೆಲದ ಮೇಲೆ ನಿಂತೇ ಬೆರಳು ಚಾಚಿದ. “ರೆಕ್ಕೆ ಸರಿ!”

ಆಮೇಲೆ ಸಾಲಿನಲ್ಲಿ ನಿಂತು ಎರಡೂ ಕೈ ಬೀಸಿದ. ವಿಮಾನ ನೆಲ ಬಿಟ್ಟು, ಎಡಕ್ಕೆ ವಾಲಿ, ಆಲೂಗಡ್ಡೆಯ ಹೊಲಕ್ಕೆ ಬಿದ್ದಾಗ ಅವನ ಕೈಗಳು ಇನ್ನೂ ಮೇಲೆಯೇ ಇದ್ದವು. ಹತ್ತೊಂಬತ್ತು ಜನ ಸತ್ತರು. ಬೆಳಿಗ್ಗೆ ಒಂದೇ ತಟ್ಟೆಯಲ್ಲಿ ತಿಂದಿದ್ದ ಪೈಲಟ್ ಕೂಡ.

ತಪ್ಪನ್ನು ಪೈಲಟ್ಟಿನ ಹೆಸರಿಗೆ ಬರೆದರು. ಸತ್ತವನು ಎದ್ದು ಬಂದು ಇಲ್ಲವೆನ್ನುವುದಿಲ್ಲವಲ್ಲ! ಹೊತ್ತಿಗೆ ಸರಿಯಾಗಿ ಬಿಡಿ, ಬಿಡಿ ಎಂದು ದಿನವೂ ದೂರವಾಣಿಯಲ್ಲಿ ಬೊಬ್ಬೆ ಹೊಡೆದ ಕಂಪನಿಯ ದೊಡ್ಡವರ ಕೂದಲೂ ಕೊಂಕಲಿಲ್ಲ. ಕೆಳಗಿನವನು ಬಾಯಿ ಬಿಡಬಾರದು, ಮೇಲಿನವನು ಕಿವಿ ತೆರೆಯಬಾರದು. ಇದಕ್ಕೆ ಶಿಸ್ತು ಎಂದು ಹೆಸರಿಟ್ಟವರೇ ಆ ಹತ್ತೊಂಬತ್ತು ಜನರನ್ನು ಕೊಂದವರು.

“ಅವತ್ತು ಮೇಸ್ತ್ರಿಗೆ ಹೆದರಿದೆ. ಇವತ್ತು ನಿನಗೆ ಹೆದರ್ಲಾ?” ಎಂದು ತೊಕುಜಿ ಗುಂಡಿ ಒತ್ತಿದ.

ಗಗನಸಖಿ ಬಂದಳು. ಅಂಗಿಯ ಮೇಲೆ ನಾಹೊ ಎಂಬ ಹೆಸರಿತ್ತು.

“ತೊಂದರೆ ಕೊಡ್ತಿದೀನಿ, ಕ್ಷಮಿಸಮ್ಮ. ರೆಕ್ಕೆ ನೋಡು. ದ್ರಾವಣದ ಮಿರುಗು ಹೋಗಿದೆ. ಹಿಮ ಕರಗ್ತಿಲ್ಲ.”

ನಾಹೊ ಕಿಟಕಿಗೆ ಬಾಗಿದಳು. ನಗಲಿಲ್ಲ, ಗದರಲಿಲ್ಲ. “ಹೇಳಿದ್ದು ಒಳ್ಳೇದಾಯ್ತು, ತಾತ. ಈಗ್ಲೇ ಕ್ಯಾಪ್ಟನ್‌ಗೆ ಹೇಳ್ತೀನಿ.”

ವಿಮಾನ ಹಿಂದಕ್ಕೆ ಬಂತು. ಕೆಲಸದವನೊಬ್ಬ ಮೇಲೇರಿ ರೆಕ್ಕೆಯ ಮೇಲೆ ಅಂಗೈ ಆಡಿಸಿದ. ಮೇಲಿನ ಪುಡಿ ಹಾರಿತು, ಅಡಿಯದು ಕದಲಲಿಲ್ಲ. ಉಜ್ಜಿದ. ಊಹೂಂ. ಗೆನ್‌ಪಾಚಿ ಅಕ್ಕನ ತೊಡೆಯ ಮೇಲೆ ಕೈಯೂರಿ ಅದನ್ನೇ ನೋಡುತ್ತಿದ್ದ.

“ಯಾವ ಮುದುಕಪ್ಪ ಅದು ನಮ್ಮ ಹೊತ್ತು ಹಾಳು ಮಾಡಿದ್ದು?” ಎಂದು ಹಿಂದಿನಿಂದ ಯಾರೋ ಕೂಗಿದರು.

ಗೆನ್‌ಪಾಚಿ ಎದ್ದು ನಿಂತ. ಏಡಿ ಮಾರುವ ಗಂಟಲು ಇಡೀ ವಿಮಾನಕ್ಕೆ ಕೇಳಿಸಿತು.

“ನನ್ನ ಭಾವ ಕಣಯ್ಯಾ! ತಪ್ಪಿ ಹೋಗ್ತಿರೋದು ನನ್ನ ಮಗಳ ಮದುವೆ, ನಿನ್ನದಲ್ಲ. ನಾನೇ ಕೂತಿದೀನಿ, ನಿನಗೇನು ಆತುರ? ಬೇಕಾದ್ರೆ ಇನ್ನೂ ಎರಡು ಸಲ ತೊಳೀಲಿ!”

ಅವರು ಮುಟ್ಟುವಾಗ ಸಂಜೆ ಐದು. ವಧೂವರರು ಸಾಕೆ ಮದ್ಯದ ಬಟ್ಟಲು ಬದಲಾಯಿಸಿ ಕುಡಿದು ಮದುವೆಯ ಶಾಸ್ತ್ರ ಮುಗಿದಾಗಿತ್ತು. ಮನೆಯವರೆಲ್ಲ ಕೂತ ಚಿತ್ರವನ್ನೂ ತೆಗೆದಾಗಿತ್ತು. ಮುಂದಿನ ಸಾಲಿನಲ್ಲಿ ಮೂರು ಕುರ್ಚಿ ಖಾಲಿ. ಮತ್ತೊಮ್ಮೆ ತೆಗೆಸೋಣವೆಂದಳು ಚಿಸಾತೊ. ಗೆನ್‌ಪಾಚಿ ಬೇಡವೆಂದ. ಆ ಚಿತ್ರ ಈಗ ಅವನ ಅಂಗಡಿಯ ಗೋಡೆಯಲ್ಲಿದೆ. ಕುರ್ಚಿ ಏಕೆ ಖಾಲಿ ಎಂದು ಗಿರಾಕಿಗಳು ಕೇಳಿದರೆ, “ತಡವಾಯ್ತು. ಅದಕ್ಕೇ ನಿಮಗೆ ಏಡಿ ತೂಗ್ತಾ ಇದೀನಿ” ಎನ್ನುತ್ತಾನೆ.

ಇದನ್ನು ಓದುತ್ತಿರುವವರೇ, ಹಿಮ ಬೀಳುವಾಗ ರೆಕ್ಕೆ ತೊಳೆಯಲು ವಿಮಾನ ನಿಂತರೆ, ನಿಲ್ಲಲು ಬಿಡಿ. ಎದುರಿಗೆ ಸಿಕ್ಕ ಹುಡುಗಿಯನ್ನು ಬೈಯಬೇಡಿ. ರೆಕ್ಕೆಯ ಮೇಲೆ ಹಿಮ ಕೂತದ್ದು ಕಂಡರೆ ಗುಂಡಿ ಒತ್ತಿ, ಹೇಳಿ. ನಿಮಗಿಂತ ಬಲ್ಲವರು ಇರಬಹುದು. ಅವರು ನೋಡಿಲ್ಲದಿರಲೂಬಹುದು. ಸುಮ್ಮನಿರಿ ಎಂದವರ ಮಾತು ಕೇಳಬೇಡಿ. ಹೊಲದಲ್ಲಿ ಬಿದ್ದವರನ್ನು ಎತ್ತಲು ಅವರು ಬರಲಿಲ್ಲ.