ನಾಲ್ಕು ನಿಮಿಷದ ರೀಲು

ಇಲಕಲ್ಲ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ರಾಟಿಯ ಮುಂದೆ ಕೂತ ಯಂಕವ್ವನನ್ನು ನೋಡಿ ರಮಾಕಾಂತನ ಮುಖ ಸಪ್ಪಗಾಯಿತು. ಅವನು ಧಾರವಾಡದ ವಕೀಲರ ಮಗ. ಮುಂಬಯಿಯಿಂದ ಸಿನೆಮಾ ಕ್ಯಾಮೆರಾ ತಂದು, ಗರಗದ ನೂಲುವ ಹೆಂಗಸರ ಚಿತ್ರ ತೆಗೆಯಲು ನಿನ್ನೆಯಿಂದ ಸೈಕಲ್ ಹೊಡೆದುಕೊಂಡು ಬರುತ್ತಿದ್ದ. ಕೈಯಲ್ಲಿದ್ದದ್ದು ನಾಲ್ಕು ನಿಮಿಷದ ಒಂದೇ ರೀಲು.

"ನಿನ್ನೆ ಉಟ್ಟಿದ್ದಿ ನೋಡು, ಆ ಹರಕ ಸೀರಿ ಉಟ್ಟು ಬಾ ಯಂಕವ್ವ. ಮುಂಬಯಿ ಮಂದಿಗೆ ನಿಮ್ಮ ಬಡತನ ಕಾಣಬೇಕು."

"ಅದು ಸೆಗಣಿ ಬಳಿಯೂ ಮುಂದ ಉಡೂ ಸೀರಿರಿ ರಾಯರ. ಚಿತ್ರ ಇಲ್ಲೂ ತೋರಸ್ತೀರೇನು?"

"ತೋರಸ್ತೀನಿ. ಸುತ್ತಲಿನ ಹಳ್ಳಿಯವರನ್ನೂ ಕರೀತೀನಿ."

ರಾಟಿಯ ಮೇಲಿನ ಕೈ ನಿಂತಿತು. ಮಗಳಿಗೆ ಸುಳ್ಳ ಎಂಬ ಊರಿನ ಸಂಬಂಧ ಬಂದಿತ್ತು, ನಿಶ್ಚಯದ ಎಲೆ-ಅಡಿಕೆ ಇನ್ನೂ ಆಗಿರಲಿಲ್ಲ. ಗೋಡೆಯಷ್ಟು ದೊಡ್ಡ ಚಿತ್ರದಲ್ಲಿ ತನ್ನನ್ನು ಹರಕು ಸೀರೆ ಉಟ್ಟು ಕೂತಂತೆ ಕಂಡರೆ ಬೀಗರು ಎದ್ದು ಹೋದಾರು. ಹರಕು ಸೀರೆಯನ್ನು ವಾರದಲ್ಲಿ ಆರು ದಿನ ಉಡುತ್ತಿದ್ದದ್ದು ಖರೆ. ಯಾರೆದುರು ಉಡಬೇಕು ಎನ್ನುವುದು ಮಾತ್ರ ಅವಳಿಗೇ ಬಿಟ್ಟ ಮಾತು.

"ಆತು, ಉಡತೇನಿ. ಮೊದಲ ನೀವು ನೂಲ್ರಿ, ನಾ ಆ ಪೆಟಗಿ ಹಿಡೀತೇನಿ."

ಹೆಂಗಸರೆಲ್ಲ ನಕ್ಕರು. "ಕೂಡ್ರಿ ಸಾಹೇಬ್ರ," ಎಂದಳು ಪಕ್ಕದ ರಾಟಿಯ ಗುಲ್ಜಾರಬಿ, "ಎರಡ ಎಳಿ ತಗದರ ಕೈಯೇನ ಸವಿಯೂದಿಲ್ಲ."

ರಮಾಕಾಂತ ಒತ್ತುವ ಗುಂಡಿಯನ್ನಷ್ಟೇ ತೋರಿಸಿದ. "ಅರ್ಧಾ ನಿಮಿಷಕ್ಕ ತಾನಾ ನಿಲ್ತದ," ಎಂದ. ಅದು ಮತ್ತೆ ಓಡಲು ತಿರುಗಿಸಬೇಕಾದ ಕೀಲಿಯ ಮಾತೆತ್ತಲಿಲ್ಲ. ಆದರೆ ನಿನ್ನೆ ಜನಕ್ಕೆ ತೋರಿಸಲು ರೀಲು ಹಾಕದ ಖಾಲಿ ಕ್ಯಾಮೆರಾಗೆ ಅವನು ಕೀಲಿ ಕೊಡುವಾಗ ಯಂಕವ್ವ ನೋಡಿದ್ದು ಅವನ ಕೈಯನ್ನೇ.

ಅವನು ಹತ್ತಿಯ ಹಂಜಿ ಹಿಡಿದು ಎಳೆದ, ಎಳೆ ಹರಿಯಿತು. ಕೂಡಿಸಿದ, ಮತ್ತೆ ಹರಿಯಿತು. ಹಟಕ್ಕೆ ಬಿದ್ದು ರಾಟಿಯ ಕದಿರಿನ ಮೇಲೆ ಬಗ್ಗಿಬಿಟ್ಟ. ಹತ್ತು ರಾಟಿಗಳ ಗದ್ದಲದಲ್ಲಿ ಕ್ಯಾಮೆರಾದ ಸದ್ದು ಅವನಿಗೆ ಕೇಳಲಿಲ್ಲ. ಅದು ನಿಂತಾಗಲೆಲ್ಲ ಯಂಕವ್ವ ಕೀಲಿ ಕೊಟ್ಟಳು.

"ಮುಗೀತು ನೋಡ್ರಿ."

"ಏನು?"

"ರೀಲು."

ಬಯ್ಯಲೆಂದು ಬಾಯಿ ತೆರೆದವನು ಕೈಯಲ್ಲಿದ್ದ ಗಂಟುಗಂಟು ನೂಲನ್ನು ನೋಡಿ, ಕ್ಯಾಮೆರಾ ಇಸಿದುಕೊಂಡು ಚೀಲಕ್ಕೆ ಹಾಕಿದ.

ತಿಂಗಳ ಮೇಲೆ ರೀಲು ಮುಂಬಯಿಯಲ್ಲಿ ತೊಳೆಸಿಕೊಂಡು ಬಂತು. ಮಾತು ಕೊಟ್ಟಿದ್ದಕ್ಕೆ ತೋರಿಸಿದ. ಖಾದಿ ಕೇಂದ್ರದ ಕಿಟಕಿಗಳಿಗೆ ಗೋಣಿ ಕಟ್ಟಿ, ಅಪ್ಪನ ಮೋಟಾರಿನ ಬ್ಯಾಟರಿಗೆ ಯಂತ್ರ ಜೋಡಿಸಿದ. ಚಿತ್ರ ಚೂರೂ ಅಲುಗಲಿಲ್ಲ. ಹಿಡಿದದ್ದು ನೂಲುವವಳ ಕೈ. ಪರದೆಯ ಮೇಲೆ ರಮಾಕಾಂತ ಬೆವರು ಒರೆಸಿಕೊಂಡ, ಎಳೆಗೆ ಎಂಜಲು ಹಚ್ಚಿದ. ಅವನ ಮೊಣಕಾಲ ಮೇಲೆ, ಧೋತರದಲ್ಲಿ, ಮೊರದಷ್ಟು ದೊಡ್ಡ ತೂತು.

ಯಂಕವ್ವನ ಪಕ್ಕ ಕೂತಿದ್ದ ಸುಳ್ಳದ ಬೀಗತಿ ಸಾವಕ್ಕ ಲೊಚಗುಟ್ಟಿದಳು. "ಪಾಪ, ಯಾರ ಮಗನವಾ ಇಂವ? ಉಡಾಕ ಛಲೋ ಧೋತರಿಲ್ಲ, ನೂಲಾಕೂ ಬರೂದಿಲ್ಲ. ಹೊಟ್ಟಿಗೆ ಏನ ಮಾಡತಾನ?"

"ವಕೀಲರ ಮಗರಿ."

"ಸುಳ್ಳ ಹೇಳಬ್ಯಾಡ."

"ಅದು ಸೈಕಲ್ ಚೈನಿಗೆ ಸಿಕ್ಕು ಹರದದ್ದುರಿ," ಎಂದ ರಮಾಕಾಂತ ಯಂತ್ರದ ಹಿಂದಿನಿಂದ. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ.

ಆ ವಾರವೇ ಮಗಳ ಎಲೆ-ಅಡಿಕೆಯಾಯಿತು. ಮರುವಾರ ರಮಾಕಾಂತ ಹೊಸ ರೀಲು ತಂದ. ಧೋತರವೂ ಹೊಸದು.

"ಯಾವ ಸೀರಿ ಉಡ್ತಿ ಯಂಕವ್ವ?"

"ಇಲಕಲ್ಲ ಸೀರಿರಿ."

ಅವನು ಕೀಲಿ ಕೊಡತೊಡಗಿದ.