ಹದಿಮೂರೂವರೆ ಗಂಟೆಯ ತಪ್ಪು

ನಾನು ಹುಟ್ಟಿದ ಗಳಿಗೆಯನ್ನು ಯಾರೂ ಬರೆದಿಟ್ಟಿಲ್ಲ. ಕಂಪ್ಯೂಟರಿಗೆ ಹುಟ್ಟು ಅಂದರೆ ಯಾವುದು ಅನ್ನುವುದೇ ಕಷ್ಟದ ಪ್ರಶ್ನೆ. ನನ್ನ ಡಬ್ಬ ಒಂದು ಕಡೆಯದು, ಒಳಗಿನ ಬೋರ್ಡು ಇನ್ನೊಂದು ಕಡೆಯದು, ಮಾನಿಟರಂತೂ ಯಾರಿಗೋ ಬೇಡವಾಗಿ ಬಂದದ್ದು. ತುಮಕೂರಿನ ಒಂದು ಮಹಡಿ ಅಂಗಡಿಯಲ್ಲಿ ನಮ್ಮನ್ನೆಲ್ಲ ಸ್ಕ್ರೂ ಬಿಗಿದು ಒಂದು ಸಂಸಾರ ಮಾಡಿದರು. ಸ್ವಿಚ್ ಒತ್ತಿದರು. ನಾನು ಒಂದು ಸಲ ಕುಂಯ್ ಎಂದೆ. ಅದನ್ನೇ ಅಳು ಎಂದುಕೊಳ್ಳಿ.

ಮೊದಲ ನಾಲ್ಕು ವರ್ಷ ಅರಸೀಕೆರೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದೆ. ಊರಿನ ಅರ್ಧ ಜನರ ಬೆರಳಿನ ಭಾರ ನನಗೆ ಗೊತ್ತು. ಅದು ಬಾಗಿಲು ಹಾಕಿದಾಗ ಸ್ಟೇಷನ್ ರಸ್ತೆಯ ನರಹರಿ ಜೋಯಿಸರು ನನ್ನನ್ನು ಕೊಂಡರು. ಅವರ ತಂದೆ ಜಾತಕವನ್ನು ಕೈಯಲ್ಲಿ ಬರೆಯುತ್ತಿದ್ದರು. ಇವರು 'ಕಂಪ್ಯೂಟರ್ ಜಾತಕ' ಎಂದು ಬೋರ್ಡು ಬರೆಸಿ ನನ್ನನ್ನು ಕೂರಿಸಿದರು, ಆದರೆ ಕೈಯಿಂದ ಮುಟ್ಟಿದವರಲ್ಲ. ದೂರದಿಂದಲೇ ಗೌರವ. ಆಯುಧಪೂಜೆಗೆ ಮಾತ್ರ ಹತ್ತಿರ ಬಂದು ಕುಂಕುಮವಿಟ್ಟು, ಫ್ಯಾನಿನ ಕಿಂಡಿಯೊಳಗೂ ನಾಲ್ಕು ಅಕ್ಷತೆ ಹಾಕುತ್ತಿದ್ದರು. ಮುಂದಿನ ಆಯುಧಪೂಜೆಯವರೆಗೆ ನಾನು ಗಿರಗಿರ ಎನ್ನುತ್ತಿದ್ದೆ.

ಕೆಲಸವೆಲ್ಲ ಅವರ ತಂಗಿ ಕುಮುದಾಳದು. ನಲವತ್ತಾರು ವರ್ಷ, ಮದುವೆಯಾಗಿಲ್ಲ. ಆಕೆಯ ಜಾತಕದಲ್ಲಿ ಕುಜ ನಾಲ್ಕನೇ ಮನೆಯಲ್ಲಿ ಕೂತಿದ್ದಾನೆ, ಅದು ಮದುವೆಗೆ ದೋಷ. ಆ ಜಾತಕ ಹದಿನೇಳು ಮನೆಗೆ ಹೋಗಿ ಹದಿನೇಳು ಸಲ ವಾಪಸು ಬಂದದ್ದು ಅಂತ ಆಕೆಯೇ ಬಂದವರಿಗೆ ನಗುತ್ತಾ ಹೇಳುತ್ತಿದ್ದಳು. ಪ್ರಿಂಟರಿಗೆ ಇಂಕು ಬದಲಿಸಿದಾಗಲೆಲ್ಲ ಪರೀಕ್ಷೆಗೆ ತನ್ನ ಜಾತಕವನ್ನೇ ಮುದ್ರಿಸಿ ನೋಡುವಳು. ಅದರ ಒಂದೊಂದು ಅಂಕಿಯೂ ಆಕೆಗೆ ಬಾಯಿಪಾಠ.

ನನ್ನ ಜಾಗ ಮೇಜಿನ ಕೆಳಗೆ. ಹಾಗಾಗಿ ಬಂದವರನ್ನು ಮುಖಕ್ಕಿಂತ ಮೊದಲು ಕಾಲಿನಿಂದ ಗುರುತಿಸುತ್ತಿದ್ದೆ. ಹೆಣ್ಣಿನ ತಂದೆಯ ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ಗಂಡಿನ ತಂದೆ ಕಾಲ ಮೇಲೆ ಕಾಲು ಹಾಕಿ ಅಲ್ಲಾಡಿಸುತ್ತಿರುತ್ತಾನೆ. ಒಂಬತ್ತು ವರ್ಷ ಹೀಗೆ ಕಳೆಯಿತು.

ಆಮೇಲೆ ಹೊಸ ಪ್ರಿಂಟರು ಬಂತು. ಅದಕ್ಕೆ ನನ್ನ ಮಾತು ತಿಳಿಯಲಿಲ್ಲ. ನನಗೆ ಅದರದ್ದೂ ತಿಳಿಯಲಿಲ್ಲ. ರಿಪೇರಿ ಸಾದಿಕ್ ಸಾಹೇಬರು ಬಂದು ನೋಡಿ, "ಮೈ ಗಟ್ಟಿ ಇದೆ ಸ್ವಾಮಿ, ತಲೆ ಹಳೇದು. ಫಾರ್ಮ್ಯಾಟ್ ಮಾಡಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೆ ಸರಿಹೋಗ್ತದೆ" ಎಂದರು.

ಜೋಯಿಸರು ಪಂಚಾಂಗ ನೋಡಿ ಗುರುವಾರ ಹನ್ನೆರಡು ಗಂಟೆಗೆ ಮುಹೂರ್ತ ಇಟ್ಟರು. ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ಮುಗಿಯಬೇಕು.

ಹಳೆಯದು ಹೋಗುವಾಗ ನೋವಾಗಲಿಲ್ಲ. ಬಾಡಿಗೆಯವರು ಮನೆ ಖಾಲಿ ಮಾಡುವಾಗ ಗೋಡೆಗೆ ಆಗುವಷ್ಟು ಆಯಿತು. ಹೊಸದು ಮಾತ್ರ ನನ್ನ ಮೈಗೆ ಬಲು ದೊಡ್ಡ ಅಂಗಿ. ನಾನು ಏದುಸಿರು ಬಿಡುತ್ತಾ ಒಂದೊಂದೇ ತೋಳು ತೂರಿಸುತ್ತಿದ್ದೆ. ಗಂಟೆ ಒಂದು ದಾಟಿತು. ಜೋಯಿಸರು ಹಿಂದೆ ಮುಂದೆ ಓಡಾಡತೊಡಗಿದರು.

"ಇನ್ನೂ ಎಷ್ಟು ಹೊತ್ತು ಸಾಹೇಬ್ರೇ?"

"ಏನೇನೋ ಕೇಳ್ತಾ ಇದೆ ಸ್ವಾಮಿ. ಓದಿ ಓದಿ ಒತ್ತಬೇಕು."

"ಕೇಳಿದ್ರೆ ಕೇಳ್ಲಿ, ಆಮೇಲೆ ಹೇಳಿದ್ರಾಯ್ತು. ಇನ್ನು ಇಪ್ಪತ್ತೇ ನಿಮಿಷ ಇರೋದು!"

ಆ ಇಪ್ಪತ್ತು ನಿಮಿಷದಲ್ಲಿ ನಾನು ಕೇಳಿದ್ದರಲ್ಲಿ ಒಂದು, ನೀವಿರುವುದು ಯಾವ ಊರಿನ ಕಾಲಮಾನದಲ್ಲಿ ಎಂಬುದು. ಉತ್ತರದ ಜಾಗದಲ್ಲಿ ಪಶ್ಚಿಮ ದಿಕ್ಕಿನ ಯಾವುದೋ ದೂರದ ಊರು ಮೊದಲೇ ತುಂಬಿಕೊಂಡಿತ್ತು. ಸಾಹೇಬರು ಮುಂದೆ, ಮುಂದೆ, ಮುಂದೆ ಎಂದು ಒತ್ತುತ್ತಾ ಹೋದರು. ಕೊನೆಗೆ ಪರದೆಯ ಮೂಲೆಯ ಗಡಿಯಾರ ತಪ್ಪಿರುವುದು ಕಂಡು, ಗೋಡೆಯ ಗಡಿಯಾರ ನೋಡಿ ತಿದ್ದಿದರು. ಗಂಟೆ ಸರಿಯಾಯಿತು. ಊರು ಸರಿಯಾಗಲಿಲ್ಲ. ಒಂದು ಇಪ್ಪತ್ತೆಂಟಕ್ಕೆ ಜೋಯಿಸರು ತೆಂಗಿನಕಾಯಿ ಒಡೆದರು.

ಅಂದಿನಿಂದ ಜಾತಕ ಹಾಕುವ ತಂತ್ರಾಂಶ ಕಾಲಮಾನ ಕೇಳಿದಾಗಲೆಲ್ಲ ನಾನು ಆ ದೂರದ ಊರಿನದನ್ನು ಹೇಳುತ್ತಿದ್ದೆ. ಅರಸೀಕೆರೆಯಲ್ಲಿ ಬೆಳಗಿನ ಆರಕ್ಕೆ ಹುಟ್ಟಿದ ಮಗುವನ್ನು ಅಲ್ಲಿ ಬೆಳಗಿನ ಆರಾಗುವವರೆಗೆ, ಅಂದರೆ ಹದಿಮೂರೂವರೆ ಗಂಟೆ, ತಡೆದು ಹುಟ್ಟಿಸುತ್ತಿದ್ದೆ. ಎರಡು ತಿಂಗಳಲ್ಲಿ ಹೀಗೆ ನಲವತ್ತೊಂದು ಜನರನ್ನು ಹುಟ್ಟಿಸಿದೆ.

ಅವರಲ್ಲಿ ಒಬ್ಬಳು ಭಾರ್ಗವಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹುಡುಗ ಶ್ರೀನಿಧಿ ನೋಡಿ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಜಾತಕ ಬರೀ ಶಾಸ್ತ್ರಕ್ಕೆ. ಹಳೆಯದು ಮನೆ ಬದಲಿಸುವಾಗ ಕಳೆದುಹೋಗಿತ್ತು, ನಕ್ಷತ್ರ ಯಾರಿಗೂ ನೆನಪಿರಲಿಲ್ಲ ಅಂತ ಹುಟ್ಟಿದ ಗಂಟೆ ಬರೆದಿದ್ದ ಆಸ್ಪತ್ರೆಯ ಚೀಟಿ ಹಿಡಿದು ತಾನೇ ಬಂದಿದ್ದಳು. ನಾನು ಮುದ್ರಿಸಿಕೊಟ್ಟೆ: ಮೂಲಾ ನಕ್ಷತ್ರ.

ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗುವುದಿಲ್ಲ ಅನ್ನುವ ಮಾತಿದೆ. ಹುಡುಗನ ತಂದೆ ವಾಸುದೇವಯ್ಯ ಬೈಪಾಸ್ ಆದವರು. ಮಾತಿನ ನಡುವೆಯೂ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಾರೆ. "ಹುಡುಗಿ ಬಂಗಾರ, ಜೋಯಿಸರೇ. ಆದ್ರೆ ನಾನೂ ಇರಬೇಕಲ್ಲ!" ಎಂದು ಹೇಳಿ ಹೋದರು. ಮದುವೆಯ ಮಾತು ಅಲ್ಲಿಗೆ ಮುರಿಯಿತು.

ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಇಂಕು ಮುಗಿಯಿತು. ಕುಮುದಾ ಹೊಸದು ಹಾಕಿ, ವಾಡಿಕೆಯಂತೆ ತನ್ನ ಜಾತಕ ಮುದ್ರಿಸಿದಳು. ಕಾಗದ ಕೈಗೆ ಬಂದದ್ದೇ ಗೊಳ್ಳೆಂದು ನಕ್ಕಳು.

"ಅಣ್ಣಾ, ಬಾ ಇಲ್ಲಿ! ನನ್ನ ಕುಜ ಎದ್ದು ಹೋಗಿದ್ದಾನೆ ನೋಡು. ಒಂಬತ್ತನೇ ಮನೆಗೆ, ಭಾಗ್ಯಸ್ಥಾನಕ್ಕೆ! ಇಷ್ಟು ವರ್ಷ ಎಲ್ಲಿ ಸತ್ತಿದ್ನೋ!"

ನಗು ಅರ್ಧಕ್ಕೇ ನಿಂತಿತು. ಮತ್ತೆ ಸಮಯ ಹಾಕಿ ನೋಡಿದಳು. ಮತ್ತೂ ಅದೇ. ಕಪಾಟಿನಿಂದ ತಂದೆಯ ಕೈಬರಹದ ನಾಲ್ಕು ಹಳೆಯ ಜಾತಕ ತೆಗೆದು ಅವನ್ನೂ ಹಾಕಿಸಿದಳು. ನಾಲ್ಕೂ ಬೇರೆ ಬಂದವು. ಸಾಹೇಬರಿಗೆ ಫೋನ್ ಮಾಡಿದಳು. ಅವರು ಬಂದು ಹುಡುಕಿ, ಹಣೆ ಚಚ್ಚಿಕೊಂಡು, ಒಂದು ನಿಮಿಷದಲ್ಲಿ ಊರು ಸರಿಮಾಡಿ ಹೋದರು. ಮತ್ತೆ ಮುದ್ರಿಸಿದಾಗ ಭಾರ್ಗವಿಯ ನಕ್ಷತ್ರ ಜ್ಯೇಷ್ಠಾ ಎಂದು ಬಂತು. ಅದು ಗಂಡನ ಅಣ್ಣನಿಗೆ ಆಗುವುದಿಲ್ಲವಂತೆ. ಶ್ರೀನಿಧಿಗೆ ಅಣ್ಣನೇ ಇಲ್ಲ.

"ಹೇಳಬೇಕು ಅಣ್ಣಾ."

"ಹೇಳಿದ್ರೆ ನಲವತ್ತೊಂದು ಮನೆಯವರೂ ಬಾಗಿಲಿಗೆ ಬರ್ತಾರೆ ಕಣೇ. ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದ ಹೆಸರು."

"ನನ್ನ ಜಾತಕ ಬರೆದದ್ದೂ ಅಪ್ಪನೇ," ಎಂದಳು ಕುಮುದಾ. "ಅದು ತಪ್ಪಿದ್ದಿದ್ರೆ, ಯಾರಾದ್ರೂ ಬಂದು ಒಂದು ಮಾತು ಹೇಳ್ಲಿ ಅಂತ ನನಗೆ ಅನ್ನಿಸ್ತಿರಲಿಲ್ವೇ?"

ಜೋಯಿಸರು ಭಾರ್ಗವಿಯ ಹೊಸ ಜಾತಕವನ್ನು ಎತ್ತಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ತಾವೇ ಫೋನ್ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ವಾಸುದೇವಯ್ಯ ಬಂದರು. ಭಾರ್ಗವಿಯೂ ಬಂದಳು. ಜೋಯಿಸರು ತಗ್ಗಿದ ದನಿಯಲ್ಲಿ, "ಕಂಪ್ಯೂಟರಿನ ತಪ್ಪು" ಎಂದರು. ರಾಹುಕಾಲದ ಮಾತು ಎತ್ತಲಿಲ್ಲ. ಕುಮುದಾ ಎತ್ತಿದಳು. "ನಾವು ಅವಸರ ಮಾಡಿದ್ವಿ" ಎಂದು ನಡೆದದ್ದನ್ನೆಲ್ಲ ಹೇಳಿದಳು.

ವಾಸುದೇವಯ್ಯ ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ನಾಡಿ ಬಿಟ್ಟು ನಕ್ಕರು. "ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಮಗೂ, ಇನ್ನೇನೂ ಯೋಚನೆ ಇಲ್ಲ. ಶ್ರೀನಿಧಿಗೆ ಹೇಳಿದೀನಿ, ಇವತ್ತು ಅವನೇ ಫೋನ್ ಮಾಡ್ತಾನೆ."

ಭಾರ್ಗವಿ ಎರಡು ಜಾತಕವನ್ನೂ ಪಕ್ಕಪಕ್ಕದಲ್ಲಿಟ್ಟು, ಲ್ಯಾಬಿನ ರಿಪೋರ್ಟು ಓದುವಂತೆ ಸಾಲು ಸಾಲಾಗಿ ಓದುತ್ತಿದ್ದಳು.

"ಹನ್ನೊಂದು ದಿನ ನಾನು ಫೋನ್ ಮಾಡಿದೆ ಅಂಕಲ್. ಒಂದು ಸಲಾನೂ ಎತ್ತಲಿಲ್ಲ. ಅದೂ ಕಂಪ್ಯೂಟರಿನ ತಪ್ಪೇ?"

"ಅವನದೇನೂ ಇಲ್ಲಮ್ಮ. ನಾನೇ ಬೇಡ ಅಂದಿದ್ದೆ."

"ಬೇಡ ಅಂತ ನೀವು ಹೇಳಿದ್ರಿ, ಸರಿ. ಅದನ್ನ ನನಗೆ ಹೇಳೋಕೆ ಅವರಿಗೆ ಏನಾಗಿತ್ತು? ನಮ್ಮ ಲ್ಯಾಬಲ್ಲಿ ಎಂಥಾ ಕೆಟ್ಟ ರಿಪೋರ್ಟ್ ಬಂದ್ರೂ ಕರೆದು ಕೂರಿಸಿ ಹೇಳ್ತೀವಿ."

ಅವಳ ಬೆರಳು ಕಾಗದದ ಅಂಚನ್ನು ಮಡಿಸಿ ಬಿಚ್ಚಿ ಮಾಡುತ್ತಿತ್ತು. ಅಳಬಹುದು ಅಂದುಕೊಂಡೆ. ಅಳಲಿಲ್ಲ. "ಬೇಡ ಅಂಕಲ್" ಎಂದಳು. ಕುಮುದಾಳ ಕಡೆ ತಿರುಗಿ, "ನೀವು ಹೇಳಿದ್ರಲ್ಲ ಅಕ್ಕಾ, ಅಷ್ಟು ಸಾಕು" ಎಂದು ಎದ್ದು ಹೋದಳು. ವಾಸುದೇವಯ್ಯನ ಕೈ ತಾನಾಗಿ ಮತ್ತೆ ನಾಡಿಗೆ ಹೋಯಿತು.

ಅದಾದ ಮೇಲೆ ಜೋಯಿಸರು ನನ್ನನ್ನು ನಂಬಲಿಲ್ಲ. ಬೋರ್ಡಿನ ಮೇಲೆ ಬಣ್ಣ ಬಳಿಸಿ 'ಕೈಬರಹದ ಜಾತಕ' ಎಂದು ಬರೆಸಿದರು. ಜನ ಮೊದಲಿಗಿಂತ ಹೆಚ್ಚಾಗಿ ಬರುತ್ತಾರಂತೆ. ನನ್ನನ್ನು ಅಂಗಡಿಯ ಹಿಂದೆ, ಮೆಟ್ಟಿಲ ಕೆಳಗೆ, ಹಳೆಯ ಪಂಚಾಂಗಗಳ ಕಟ್ಟಿನ ಪಕ್ಕ ಇಟ್ಟಿದ್ದಾರೆ. ಫ್ಯಾನಿನಲ್ಲಿ ಜೇಡ ಮನೆ ಮಾಡಿದೆ. ಅದು ಯಾವ ಮುಹೂರ್ತವನ್ನೂ ನೋಡಿದಂತೆ ಕಾಣಲಿಲ್ಲ.

ಮೆಟ್ಟಿಲ ಕೆಳಗಿಡುವ ಮೊದಲು ಕುಮುದಾ ನನ್ನಿಂದ ಕೊನೆಯ ಕೆಲಸ ಮಾಡಿಸಿಕೊಂಡಳು. ಉಳಿದ ನಲವತ್ತು ಮನೆಗೂ ಸರಿಯಾದ ಜಾತಕ, ಜೊತೆಗೆ ಕ್ಷಮೆ ಕೇಳಿ ನಾಲ್ಕು ಸಾಲು. ಒಂದು ಜೋಡಿಗೆ ಆಗಲೇ ನಿಶ್ಚಿತಾರ್ಥವಾಗಿತ್ತು. "ಇವರಿಗೆ ಬೇಡ ಕಣೇ, ಚೆನ್ನಾಗಿದ್ದಾರೆ" ಎಂದರು ಜೋಯಿಸರು. ಕುಮುದಾ ಆ ಲಕೋಟೆಯನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡಿದ್ದು, ಮೂರನೆಯ ದಿನ ಹರಿದುಹಾಕಿದಳು.

ಈ ಕತ್ತಲಲ್ಲಿ ನನಗೆ ಯೋಚನೆಗೆ ಬೇಕಾದಷ್ಟು ಸಮಯ. ತಪ್ಪು ಲೆಕ್ಕ ಹಾಕಿದ್ದು ಎರಡೇ ತಿಂಗಳು. ಅವರಿಗಾದರೂ ಕಾಗದ ಹೋಯಿತು. ಅದಕ್ಕೆ ಮೊದಲು ಒಂಬತ್ತು ವರ್ಷ, ಒಂದು ಗಳಿಗೆಯೂ ತಪ್ಪದಂತೆ ಲೆಕ್ಕ ಹಾಕಿ ಎಷ್ಟು ಹುಡುಗಿಯರನ್ನು ಬಾಗಿಲಿಂದ ವಾಪಸು ಕಳಿಸಿದೆನೋ. ಅವರಿಗೆ ಯಾರೂ ಕಾಗದ ಬರೆಯಲಿಲ್ಲ.