ಸಿಹಿ ಹಂಚಿ ಹೋದವರು

"ಈ ಸಲ ಬಿಸಿಲಲ್ಲಿ ನಿಲ್ಲೋದು ತಪ್ತು ನೋಡವ್ವ," ಎಂದ ಗುಮಾಸ್ತ ತಿಮ್ಮಯ್ಯ, ಸಹಿ ಪುಸ್ತಕವನ್ನು ಯಶೋಧರಾಳ ಕಡೆ ತಿರುಗಿಸುತ್ತ. "ಮೊದ್ಲೆಲ್ಲ ಸಾಲು ಗೇಟ್ ದಾಟಿ ರೋಡಿಗೆ ಹೋಗ್ತಿತ್ತು. ಈಗ ಜಗಲಿ ಮೇಲೇ ಮುಗೀತದೆ."

ಅರಸೀಕೆರೆಯ ಆ ಆಫೀಸಿಗೆ ಆರು ತಿಂಗಳಿಗೊಮ್ಮೆ ಬಂದು, ತನಗಿನ್ನೂ ಕೆಲಸ ಸಿಕ್ಕಿಲ್ಲವೆಂದು ಸಾಹೇಬರೆದುರು ಬಾಯಿಬಿಟ್ಟು ಹೇಳಿ ಸಹಿ ಹಾಕಿದರೆ ಮಾತ್ರ ಪದವೀಧರರ ನಿರುದ್ಯೋಗ ಭತ್ಯೆ ಮುಂದುವರಿಯುತ್ತಿತ್ತು. ಬಾರದವರನ್ನು ಕೆಲಸ ಸಿಕ್ಕವರ ಲೆಕ್ಕಕ್ಕೆ ಸೇರಿಸಿಬಿಡುತ್ತಿದ್ದರು. ತಿಮ್ಮಯ್ಯನ ಬೆನ್ನ ಹಿಂದೆ, ಗೋಡೆಯ ನಕ್ಷೆಯಲ್ಲಿ, ಭತ್ಯೆ ಪಡೆಯುವವರ ಸಂಖ್ಯೆಯನ್ನು ತೋರಿಸುವ ಕೆಂಪು ಗೆರೆ ತೊಂಬತ್ತರ ದಶಕದುದ್ದಕ್ಕೂ ಏರಿ, ಈಚಿನ ಎರಡು ವರ್ಷಗಳಲ್ಲಿ ಇಳಿಜಾರು ಹಿಡಿದಿತ್ತು. ಹಾಸನದಿಂದ ಬಂದಿದ್ದ ಮೇಲಧಿಕಾರಿ ಅದನ್ನು ನೋಡಿ ಬಹಳ ಮೆಚ್ಚಿಕೊಂಡರೆಂದು ತಿಮ್ಮಯ್ಯ ಹೇಳಿದ. ಇಳಿಸಿದ್ದು ತಾನೇ ಎಂಬಂತೆ ಅವನ ಮುಖ ಅರಳಿತ್ತು.

ಯಶೋಧರಾ ಒಳಗೆ ಹೋಗಿ ಹೇಳಬೇಕಾದ್ದನ್ನು ಹೇಳಿದಳು. ಎಂ.ಎ. ಮುಗಿಸಿದಾಗಿನಿಂದ ಅದೇ ಮಾತು. ಇಷ್ಟು ವರ್ಷವಾದರೂ ಅದನ್ನು ಹೇಳುವಾಗ ಅವಳ ದನಿ ತಗ್ಗುತ್ತಿತ್ತು. ಸಾಹೇಬರು "ಏನಂದ್ರಿ?" ಎಂದು ಮತ್ತೊಮ್ಮೆ ಹೇಳಿಸುತ್ತಿದ್ದರು.

ಆ ಸಾಲಿಗೊಂದು ಪದ್ಧತಿಯಿತ್ತು. ಕೆಲಸ ಸಿಕ್ಕವರು ಮುಂದಿನ ಸಹಿಯ ದಿನ ಸಿಹಿಯ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಸಾಲಿನಲ್ಲಿ ನಿಲ್ಲದೆ, ಅದರ ಪಕ್ಕದಲ್ಲೇ ನಡೆಯುತ್ತ ಒಬ್ಬೊಬ್ಬರ ಕೈಗೂ ಒಂದೊಂದು ಇಟ್ಟು ಹೊರಟುಹೋಗುತ್ತಿದ್ದರು. ಯಾವ ಕೆಲಸ, ಎಷ್ಟು ಸಂಬಳ ಎಂದು ಯಾರೂ ಕೆದಕುತ್ತಿರಲಿಲ್ಲ. ಕೇಳಿದರೆ ಕಣ್ಣು ಹಾಕಿದಂತೆ ಎಂಬ ಅಳುಕು.

ಹೋದ ಸಲ ಹಾಗೆ ಬಂದವನು ಜಾವಗಲ್ಲಿನ ದೇವರಾಜ್. ವರ್ಷಗಟ್ಟಲೆ ಅವಳ ಹಿಂದೆಯೋ ಮುಂದೆಯೋ ನಿಂತವನು. ವಾಪಸು ಹೋಗುವಾಗ ಒಂದೇ ಬಸ್ಸಿನಲ್ಲಿ ಕೂತು, ಹೆಚ್ಚು ಮಾತಿಲ್ಲದೆ ಜಾವಗಲ್ಲಿನಲ್ಲಿ ಇಳಿಯುತ್ತಿದ್ದವನು. ಎರಡು ವರ್ಷದ ಹಿಂದೆ ಅವನ ಮನೆಯವರು ಹೆಣ್ಣು ಕೇಳಿದಾಗ, ಇಬ್ಬರೂ ಅದೇ ಸಾಲಿನಲ್ಲಿ ನಿಲ್ಲುವವರಾದರೆ ಒಲೆ ಹೊತ್ತಿಸುವವರು ಯಾರೆಂದು ಅವಳ ಅಪ್ಪ ಶಿವಯ್ಯ ಒಪ್ಪಿರಲಿಲ್ಲ. ಆದರೆ ಅವತ್ತು ದೇವರಾಜ್ ಅವಳ ಅಂಗೈಗೆ ಲಾಡು ಇಟ್ಟು "ತುಮಕೂರಲ್ಲಿ ಆಯ್ತು" ಅಂದಿದ್ದ. ಸುದ್ದಿ ಕೇಳಿ ಶಿವಯ್ಯ ತಾನೇ ಹೇಳಿಕಳಿಸಿದ್ದ. ಬರುವ ಭಾನುವಾರ ಅವರು ಬಸ್ತಿಹಳ್ಳಿಗೆ ಬರುವವರಿದ್ದರು.

ಅದಕ್ಕೇ ಕೊಬ್ಬರಿ ತರಲು ಅವ್ವ ಲಕ್ಕಮ್ಮ ಹೇಳಿದ್ದಳು. ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ಯಶೋಧರಾ ಕೊಬ್ಬರಿ ವ್ಯಾಪಾರದ ಮಂಡಿಗಳಿದ್ದ ಓಣಿಗೆ ತಿರುಗಿದಳು. ಮೊದಲ ಮಂಡಿಯ ನೆಲದ ಮೇಲೆ ಒಬ್ಬ ಕಾಲು ಚಾಚಿ ಕೂತು ದಬ್ಬಣದಲ್ಲಿ ಮೂಟೆಯ ಬಾಯಿ ಹೊಲಿಯುತ್ತಿದ್ದ. ಅಂಗಿಯ ಮೇಲೆಲ್ಲ ಗೋಣಿಯ ಜುಂಗು. ಅವನು ತಲೆಯೆತ್ತಿದ. ದೇವರಾಜ್.

"ತುಮಕೂರು?" ಎಂದಳು.

ಅವನು ಹುರಿಯನ್ನು ಎಳೆದು ಗಂಟು ಹಾಕಿದ. "ಇಲ್ಲ."

ಸಾಹುಕಾರ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಇತ್ತ ಕತ್ತು ಚಾಚಿದ್ದು ಕಂಡು ಇಬ್ಬರೂ ತಕ್ಕಡಿಯ ಮರೆಗೆ ಸರಿದರು. ಸಂದರ್ಶನವೇನೋ ಆಗಿತ್ತಂತೆ. ಆಮೇಲೆ ಕರೆ ಬರಲಿಲ್ಲ. ಸಹಿಯ ದಿನ ಹತ್ತಿರ ಬಂದಂತೆ ಅವನಿಗೆ ಅನ್ನ ಸೇರುತ್ತಿರಲಿಲ್ಲವಂತೆ.

"ಕೆಲಸ ಸಿಕ್ಕಿಲ್ಲ ಅನ್ನೋ ಮಾತು ಇನ್ನೊಂದ್ಸಲ ನನ್ ಬಾಯಲ್ಲಿ ಬರ್ತಿರ್ಲಿಲ್ಲ ಯಶೋಧಾ. ಲಾಡು ಹಿಡ್ಕೊಂಡು ಹೋದ್ರೆ ಯಾರೂ ಏನೂ ಕೇಳಲ್ಲ."

"ನಾನೂ ಕೇಳ್ಲಿಲ್ಲ."

"ನಿಮಗೆ ಕೊಡೋವಾಗ ನಿಜ ಹೇಳ್ಬೇಕು ಅಂತಾನೇ ಇದ್ದೆ. ನೀವು ನಕ್ಬಿಟ್ರಿ."

ಅವಳಿಗೆ ಸಾಲು ಕಣ್ಣ ಮುಂದೆ ಬಂತು. ಒಬ್ಬೊಬ್ಬರಾಗಿ ಕೈಗೆ ಸಿಹಿ ಇಟ್ಟು ಹೋದವರ ಮುಖಗಳು. ರೈಲ್ವೆಯಲ್ಲಾಯಿತು ಎಂದು ಹೇಳಿ ಪೇಡ ಹಂಚಿದ ಬಾಣಾವರದ ಗಿಡ್ಡಯ್ಯನಾದರೂ ನಿಜ ಹೇಳಿದ್ದನೋ ಎಂದು ಕೇಳಿದಳು.

"ಮೂಟೆ ಹೊಲಿಯೋದು ನಂಗೆ ಹೇಳ್ಕೊಟ್ಟಿದ್ದೇ ಅವ್ನು," ಎಂದ ದೇವರಾಜ್. ನಗಲು ಹೋದವನು ಅರ್ಧಕ್ಕೇ ಬಿಟ್ಟ. ತಾನು ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿಬರುವುದಾಗಿ ತನ್ನ ತಾಯಿಯೂ ನಂಬಿದ್ದಾಳೆ, ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಡುತ್ತಾಳೆ ಎಂದ. ಆಮೇಲೆ ದನಿ ತಗ್ಗಿಸಿದ. "ಭಾನುವಾರ ಒಂದಿನ ಸುಮ್ನಿದ್ಬಿಡಿ. ನಿಮ್ಮಪ್ಪಂಗೆ ಆಮೇಲೆ ನಾನೇ ಹೇಳ್ತೀನಿ."

"ಆಮೇಲೆ ಅಂದ್ರೆ? ಮದುವೆ ಆದ್ಮೇಲಾ?"

ಅವನು ಅಂಗಿಯ ಮೇಲಿನ ಜುಂಗು ಕೀಳುತ್ತ ನಿಂತ. ಅವಳು ಕೊಬ್ಬರಿ ಕೊಳ್ಳದೆಯೇ ಹೊರಟಳು. ಬಸ್ಸು ಜಾವಗಲ್ಲಿನಲ್ಲಿ ನಿಂತಾಗ ಪಕ್ಕದ ಸೀಟಿಗೆ ಯಾರೋ ಮುದುಕಿ ಬಂದು ಕೂತಳು. ಎಲ್ಲಿಗೆ ಹೋಗಿದ್ದೆ ಮಗಳೇ ಎಂದು ಆಕೆ ಕೇಳಿದಾಗ ಯಶೋಧರಾ ಕಿಟಕಿಯ ಕಡೆ ತಿರುಗಿದಳು. ಅವನು ಸುಳ್ಳು ಹೇಳಿದ್ದಕ್ಕಿಂತ, ತಾನು ಅವತ್ತು ನಕ್ಕಿದ್ದೇ ಅವಳನ್ನು ಹಿಂಡುತ್ತಿತ್ತು. ಸುಮ್ಮನಿದ್ದರೆ ಭಾನುವಾರ ಕಳೆಯುತ್ತದೆ. ಹೇಳಿದರೆ ಅಪ್ಪ ಎರಡನೆಯ ಸಲ ಬೇಡವೆನ್ನುತ್ತಾನೆ, ಮೂರನೆಯ ಸಲ ಕೇಳಲು ಅವರು ಬರುವುದಿಲ್ಲ.

ಮನೆ ಮುಟ್ಟಿದಾಗ ಶಿವಯ್ಯ ಮುಂದಿನ ಗೋಡೆಗೆ ಸುಣ್ಣ ಹೊಡೆಯುತ್ತಿದ್ದ. ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಹೊತ್ತು ಮಗಳನ್ನು ಓದಿಸಿದವನು. ಕೈಯೆಲ್ಲ ಒದ್ದೆ. ಕೊಬ್ಬರಿ ಎಲ್ಲಿ ಎಂದು ಲಕ್ಕಮ್ಮ ಕೇಳುತ್ತಲೇ ಹೊರಬಂದಳು.

"ಅಪ್ಪಾ, ದೇವರಾಜ್‌ಗೆ ಕೆಲಸ ಸಿಕ್ಕಿಲ್ಲ. ಅರಸೀಕೆರೆ ಮಂಡೀಲಿ ಮೂಟೆ ಹೊಲೀತಿದಾರೆ."

"ಯಾರವ್ವ ಏಳಿದ್ದು?"

"ನಾನೇ ನೋಡ್ದೆ. ಮಾತೂ ಆಡ್ದೆ."

ಶಿವಯ್ಯ ಗೋಡೆಯ ಕಡೆಗೇ ನೋಡುತ್ತಿದ್ದ. "ಸುಳ್ಳೇಳಿ ಹೆಣ್ಣು ಕೇಳೋಕೆ ಬತ್ತಾವ್ನೆ ಅನ್ನು. ಬರಬ್ಯಾಡಿ ಅಂತ ನಾಳೆಗೇ ಏಳಿ ಕಳಿಸ್ತೀನಿ."

"ಸುಳ್ಳು ಹೇಳಿದ್ದು ನಿನಗಲ್ಲ, ಆ ಸಾಲಿಗೆ. ಅವರು ಬರ್ಲಿ ಅಪ್ಪಾ. ಕೆಲಸ ಇಲ್ಲ ಅಂತ ನಿನಗೂ ಗೊತ್ತಿದೆ, ನಂಗೂ ಗೊತ್ತಿದೆ. ಗೊತ್ತಿದ್ದೇ ಬರ್ಲಿ."

"ಇಬ್ರೂ ಏನ್ ತಿಂತೀರಿ?"

"ಗೊತ್ತಿಲ್ಲ."

ಶಿವಯ್ಯ ಕೈಯಲ್ಲಿದ್ದ ಕುಂಚವನ್ನು ಡಬ್ಬಕ್ಕೆ ಅಡ್ಡಲಾಗಿಟ್ಟು ಜಗಲಿಯ ಅಂಚಿನಲ್ಲಿ ಕೂತ. ಬೇಡವೆನ್ನಲಿಲ್ಲ, ಆಗಲೆನ್ನಲೂ ಇಲ್ಲ. ಮೊಣಕೈವರೆಗೆ ಸೋರಿದ್ದ ಸುಣ್ಣದ ನೀರು ಒದ್ದೆಯಿದ್ದಾಗ ಕಂಡಿರಲಿಲ್ಲ. ಸಂಜೆಯ ಗಾಳಿಗೆ ಒಣಗುತ್ತ ಬಂದಂತೆ ಅದು ಅವನ ಕಪ್ಪು ತೋಳಿನ ಮೇಲೆ ಗೆರೆಗೆರೆಯಾಗಿ ಬೆಳ್ಳಗೆ ಏಳತೊಡಗಿತು. ಯಶೋಧರಾ ಅದನ್ನೇ ನೋಡುತ್ತ ಅವನ ಪಕ್ಕದಲ್ಲಿ ಕೂತಳು.